ಹೆಂಗಸರ ಕ್ವಾಯರ್ ಕ್ಲಾಸ್, ಒಂಬತ್ತು ತಿಂಗಳು ಆದ್ಮೇಲೆ: ಆಲ್ಟೋ (ಹೆಂಗಸರಲ್ಲಿ ಕೆಳಗಿನ ಧ್ವನಿ) ಸಾಲಿಂದ ಒಂದು ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಕ್ಲಾಸಿನ ಹೆಸರು ಹಾಕಲ್ಲ, ಯಾಕಂದ್ರೆ ಕಂಪ್ಲೇಂಟುಗಳೂ ಇವೆ, ಮತ್ತೆ ಶನಿವಾರ ಹೋಗಿ ಅದೇ ಮಿಸ್ ಮುಖ ನೋಡ್ಬೇಕು. ಮೈಸೂರಲ್ಲಿ ಹೆಂಗಸರಿಗೆ, ಹೆಣ್ಮಕ್ಕಳಿಗೆ ಅಂತಾನೇ ವೃಂದಗಾನದ ಕ್ಲಾಸ್ ಹುಡುಕ್ತಿರೋರು ಯಾರಾದ್ರೂ ಇದ್ರೆ ಒಳಗಡೆ ಏನೇನು ನಡೆಯುತ್ತೆ, ಯಾವುದಕ್ಕೆ ದುಡ್ಡು ಕೊಡಬಹುದು, ಎಲ್ಲಿ ಹುಷಾರಾಗಿರಬೇಕು ಅಂತ ಗೊತ್ತಾಗ್ಲಿ ಅಂತ ಬರೀತಿದೀನಿ.

ನಾನು ಬ್ಯಾಂಕಲ್ಲಿ ಕೌಂಟರ್ ಕೆಲ್ಸ ಮಾಡೋಳು, ವಯಸ್ಸು ನಲವತ್ತಾರು. ಚಿಕ್ಕೋಳಿದ್ದಾಗ ವರ್ಣದ ತನಕ ಸಂಗೀತ ಕಲ್ತು ಬಿಟ್ಟಿದ್ದೆ, ಆಮೇಲೆ ನಮ್ ಬೀದಿಯ ಭಜನಾ ಮಂಡಳಿ. ನನ್ ಧ್ವನಿ ದಪ್ಪ ಕಣ್ರೀ. ಪಾರ್ಸೆಲ್ ಕೊಡೋ ಹುಡುಗರು ಫೋನಲ್ಲಿ ಇವತ್ತಿಗೂ ‘ಸರ್, ಮನೇಲಿದೀರಾ’ ಅಂತಾನೇ ಕೇಳೋದು. ಮಂಡಳೀಲಿ ಎಲ್ರೂ ಐದೂವರೆ, ಆರು ಮನೆ (ಹಾರ್ಮೋನಿಯಂ ಮನೆ ಲೆಕ್ಕ) ಅಂತ ಎತ್ತರದ ಶ್ರುತೀಲಿ ಹಾಡೋರು, ನಂಗೆ ತಾರಸ್ಥಾಯಿ ಬಂದ ತಕ್ಷಣ ಗಂಟಲು ಹಿಡ್ಕೊಳ್ಳೋದು, ಕೆಳಗಿನ ಸ್ಥಾಯೀಲಿ ಹಾಡಿದ್ರೆ ‘ಸ್ವಲ್ಪ ಮೆಲ್ಲಗೆ, ಗಂಡಸು ಹಾಡ್ದಂಗೆ ಕೇಳ್ಸುತ್ತೆ’ ಅನ್ನೋರು. ಅದಕ್ಕೆ ಹನ್ನೆರಡು ವರ್ಷ ಬರೀ ತಾಳ ತಟ್ಕೊಂಡು ಬಾಯಿ ಆಡಿಸ್ತಿದ್ದೆ, ಹಾಡಿದ್ದು ಕಮ್ಮಿ. ಕ್ವಾಯರಿಗೆ ಸೇರಿದ್ದೂ ನನಗೋಸ್ಕರ ಅಲ್ಲ, ಮಗಳಿಗೋಸ್ಕರ. ಅವಳಿಗೆ ಹದಿಮೂರು. ಕರ್ಕೊಂಡು ಹೋಗಿ ಎರಡು ಗಂಟೆ ಹೊರಗಡೆ ಸ್ಕೂಟರ್ ಮೇಲೆ ಕೂರೋ ಬದ್ಲು ನೀವೂ ಬನ್ನಿ ಅಂದ್ರು ಮಿಸ್.

ಮೊದಲ ದಿನ ಟೆಸ್ಟ್ ಮಾಡ್ತಾರೆ. ಹೆದರ್ಕೋಬೇಡಿ, ಹಾಡು ಹಾಡ್ಸಲ್ಲ. ಕೀಬೋರ್ಡಲ್ಲಿ ಒಂದು ಸ್ವರ ಒತ್ತಿ ‘ಊ’ ಅನ್ನಿಸ್ತಾರೆ, ಒಂದೊಂದೇ ಮೆಟ್ಟಿಲು ಇಳಿಸ್ತಾ ಹೋಗ್ತಾರೆ. ಆಲ್ಟೋಗೆ ಕೀಬೋರ್ಡಿನ ಮಧ್ಯದ ಸಿ ಸ್ವರದ ಕೆಳಗಡೆ ಜಿ ತನಕ ಇಳಿದ್ರೆ ಸಾಕಂತೆ, ನಾನು ಅದನ್ನೂ ದಾಟಿ ಇ ತನಕ ಇಳಿದೆ. ಮಿಸ್ ಕೈ ನಿಲ್ಸಿ ನನ್ ಮುಖ ನೋಡಿದ್ರು. ಇನ್ನೇನು ‘ನಿಮಗೆ ಆಗಲ್ಲ’ ಅಂತಾರೆ ಅನ್ಕೊಂಡೆ. ‘ಇಷ್ಟು ದಿನ ಎಲ್ಲಿದ್ರಿ ನೀವು’ ಅಂದ್ರು. ಚೀಟೀಲಿ ದಪ್ಪಕ್ಷರದಲ್ಲಿ ‘ಆಲ್ಟೋ’ ಅಂತ ಬರ್ದು ಕೈಗೆ ಕೊಟ್ರು. ಆ ಚೀಟಿ ಈಗಲೂ ನನ್ ಪರ್ಸಲ್ಲಿದೆ, ನಗಬೇಡಿ.

ಯಾಕೆ ಅಂತ ಆಮೇಲೆ ಅರ್ಥ ಆಯ್ತು. ಗಂಡಸರು, ಹೆಂಗಸರು ಸೇರಿ ಹಾಡೋ ಕ್ವಾಯರಲ್ಲಿ ಕೆಳಗಿನ ಸ್ವರಗಳನ್ನ ಟೆನರ್, ಬೇಸ್ ಗಂಡಸರು ಹಿಡ್ಕೋತಾರೆ. ಬರೀ ಹೆಂಗಸರದ್ದು ಅಂದ್ರೆ ಮೇಲೆ ಹಾಡೋರು ಬೇಕಾದಷ್ಟು ಜನ ಸಿಗ್ತಾರೆ, ಕೆಳಗಡೆ ನೆಲ ಹಾಕೋರೇ ಇರಲ್ಲ. ನಮ್ಮಲ್ಲಿ ಒಟ್ಟು 31 ಜನ, ಮೇಲೆ ಹಾಡೋ ಸೊಪ್ರಾನೋದಲ್ಲಿ ಒಂದನೇ ಸಾಲು 12, ಎರಡನೇ ಸಾಲು 11, ಆಲ್ಟೋ ಬರೀ 8. ಆ ಎಂಟರಲ್ಲಿ ಇಬ್ರು ಸೊಪ್ರಾನೋದಲ್ಲಿ ಜಾಗ ಇಲ್ಲ ಅಂತ ಬಂದೋರು, ಮುಖ ಸಿಂಡರಿಸ್ಕೊಂಡೇ ಹಾಡ್ತಾರೆ. ಮೂರು ಪಾರ್ಟಿಗೇ (ಬೇರೆ ಬೇರೆ ಸ್ವರ ಹಾಡೋ ಮೂರು ಗುಂಪಿಗೇ) ಹಿಂಗೆ, ನಾಲ್ಕು ಪಾರ್ಟ್ ಮಾಡ್ಬೇಕು ಅಂತ ಮಿಸ್‌ಗೆ ಆಸೆ ಇದೆ, ಜನ ಎಲ್ಲಿ?

ಮಿಸ್ ಒಂದ್ಸಲ ವೆನಿಸ್ ಊರಿನ ಕತೆ ಹೇಳಿದ್ರು, ರಾತ್ರಿ ಮನೇಗೆ ಬಂದು ಅಡುಗೆಮನೆ ಲೈಟ್ ಆರಿಸೋದು ಮರ್ತು ಅದನ್ನೇ ಹುಡುಕ್ತಾ ಕೂತೆ. ಅಲ್ಲಿ ಪಿಯೆತಾ ಅಂತ ಒಂದು ಅನಾಥಾಲಯ, ಸಂಗೀತಗಾರ ವಿವಾಲ್ಡಿ 1703ರಲ್ಲಿ ಅಲ್ಲಿಗೆ ಪಿಟೀಲು ಮೇಷ್ಟ್ರಾಗಿ ಸೇರಿದ್ದು. ಅಲ್ಲಿ ಬೆಳೆದ ಹೆಣ್ಮಕ್ಕಳದ್ದೇ ಕ್ವಾಯರ್, ಅವರದ್ದೇ ವಾದ್ಯಗೋಷ್ಠಿ, ಜನರಿಗೆ ಮುಖ ಕಾಣ್ಬಾರ್ದು ಅಂತ ಜಾಲರಿ ಹಿಂದೆ ನಿಂತು ಹಾಡೋರು, ಊರೂರಿಂದ ಜನ ಬಂದು ಕೇಳ್ಕೊಂಡು ಹೋಗೋರು. ಆ ಹಾಡುಗಳ ನೊಟೇಶನಲ್ಲಿ ಟೆನರ್, ಬೇಸ್ ಪಾರ್ಟುಗಳೂ ಇವೆ! ಹೆಣ್ಮಕ್ಕಳೇ ಇದ್ದ ಕಡೆ ಅದನ್ನ ಯಾರು ಹಾಡ್ತಿದ್ರು ಅಂತ ಪಂಡಿತರು ಇನ್ನೂ ಕಿತ್ತಾಡ್ತಾರೆ, ಆದ್ರೆ ಅಲ್ಲಿನ ದಾಖಲೇಲಿ ‘ಅನ್ನಾ ದಾಲ್ ಬಾಸ್ಸೋ’ ಅಂತ ಒಂದು ಹೆಸರಿದೆ. ಅಂದ್ರೆ ಬೇಸ್ ಹಾಡೋ ಅನ್ನಾ. ಮುನ್ನೂರು ವರ್ಷದ ಹಿಂದೆ ನನ್ ಥರದ ದಪ್ಪ ಗಂಟಲಿನೋಳು ಒಬ್ಳು ಇದ್ಳು, ಅವಳಿಗೆ ಅದೇ ಹೆಸರಾಯ್ತು, ಮೆಲ್ಲಗೆ ಹಾಡಮ್ಮ ಅಂತ ಯಾರೂ ಹೇಳಿರಲಿಕ್ಕಿಲ್ಲ. ನಮ್ ಯಜಮಾನ್ರಿಗೆ ಹೇಳಿದೆ, ‘ಹೂಂ’ ಅಂದು ಮಗ್ಗುಲು ಬದಲಾಯಿಸಿದ್ರು.

ಸರಿ, ಕ್ಲಾಸ್ ಹೆಂಗೆ ನಡೆಯುತ್ತೆ. ಶನಿವಾರ ನಾಲ್ಕರಿಂದ ಆರು. ಮೊದಲ ಇಪ್ಪತ್ತು ನಿಮಿಷ ಹಾಡೇ ಇಲ್ಲ, ತುಟಿ ಬರ್ ಅನ್ನಿಸೋದು, ಉಸಿರು ಬಿಡ್ತಾ ‘ಸ್ಸ್’ ಅಂತ ಎಣಿಸೋದು, ಭುಜ ಇಳಿಬಿಡೋದು. ಕರ್ನಾಟಕ ಸಂಗೀತ ಕಲ್ತೋರಿಗೆ ಇದು ತಮಾಷೆ ಅನ್ಸುತ್ತೆ, ನಂಗೂ ಅನ್ಸಿತ್ತು. ಆದ್ರೆ ಗುಂಪಲ್ಲಿ ಹಾಡೋಕೆ ಉಸಿರೇ ಮುಖ್ಯ ಅಂತ ಮೂರನೇ ವಾರಕ್ಕೇ ಗೊತ್ತಾಯ್ತು. ಒಂದು ಉದ್ದ ಸಾಲು, ಮಧ್ಯೆ ತುಂಡಾಗಬಾರ್ದು, ಯಾರಿಗೂ ಅಷ್ಟು ಉಸಿರಿಲ್ಲ. ಉಪಾಯ ಏನಂದ್ರೆ ಪಕ್ಕದವರು ಉಸಿರು ತಗೊಂಡಾಗ ನೀವು ತಗೋಬಾರ್ದು, ಪದ ಮುಗಿಯೋ ಕಡೆ ಅಂತೂ ಯಾರೂ ತಗೋಬಾರ್ದು, ಯಾಕಂದ್ರೆ ಎಲ್ರಿಗೂ ಅಲ್ಲೇ ತಗೋಬೇಕು ಅನ್ಸೋದು. ನನ್ ಪಕ್ಕ ನಿಲ್ಲೋದು ರಿಟೈರ್ಡ್ ಟೀಚರ್ ಒಬ್ರು, ಅವರು ಉಸಿರು ತಗೊಳ್ಳೋ ಮುಂಚೆ ಮೊಣಕೈಯಿಂದ ನಂಗೊಂದು ತಿವಿತಾರೆ, ನಾನು ಆ ಎರಡು ಅಕ್ಷರ ಹಿಡ್ಕೋಬೇಕು, ಆಮೇಲೆ ನಾನು ತಿವಿಯೋದು. ಕೇಳೋರಿಗೆ ಉಸಿರೇ ತಗೊಳ್ದೆ ಹಾಡ್ತಿದಾರೆ ಅನ್ಸುತ್ತೆ. ನಮ್ ಪಕ್ಕೆ ಕತೆ ನಮಗೇ ಗೊತ್ತು.

ಕನ್ನಡದಲ್ಲಿ ಹಾಡೋದಕ್ಕೆ ಒಂದು ಲಾಭ ಇದೆ ಅಂತ ಇಲ್ಲೇ ಗೊತ್ತಾಗಿದ್ದು. ನಮ್ ಪದಗಳು ಹೆಚ್ಚುಕಮ್ಮಿ ಎಲ್ಲಾ ಸ್ವರದಲ್ಲೇ ಮುಗಿಯುತ್ತೆ, ಹಂಗಾಗಿ ಸಾಲಿನ ಕೊನೇಲಿ ಇಂಗ್ಲಿಷಲ್ಲಿ ಆಗೋ ಥರ ಮೂವತ್ತು ಜನ ಮೂವತ್ತು ಸಲ ‘ಸ್ ಸ್ ಸ್’, ‘ಟ್ ಟ್ ಟ್’ ಅನ್ನೋ ಗಲಾಟೆ ಇಲ್ಲ. ತೊಂದ್ರೆ ಇರೋದು ಒತ್ತಕ್ಷರದಲ್ಲಿ. ‘ಕಣ್ಣು’, ‘ಹತ್ತು’, ‘ಅಪ್ಪ’ ಅನ್ನೋವಾಗ ನಾಲಿಗೆನೋ ತುಟಿನೋ ಮುಚ್ಚುತ್ತೆ, ಹತ್ತು, ಅಪ್ಪದಲ್ಲಂತೂ ಒಂದು ಕ್ಷಣ ನಾದಾನೇ ನಿಂತುಹೋಗುತ್ತೆ, ಒಬ್ಬೊಬ್ರದ್ದು ಒಂದೊಂದು ಕಡೆ ನಿಂತ್ರೆ ಹಪ್ಪಳ ಮುರಿದಂಗೆ ಸದ್ದು. ಒಂದು ‘ಹತ್ತು’ ಅನ್ನೋ ಪದಕ್ಕೆ ನಾವು ಅರ್ಧ ಗಂಟೆ ಕಳೆದಿದೀವಿ, ಸುಳ್ಳಲ್ಲ. ಇನ್ನು ‘ಆ’ ಅನ್ನೋದನ್ನ ಸೊಪ್ರಾನೋ ಸಾಲಲ್ಲಿ ಒಬ್ರು ಬಾಯಿ ಅಡ್ಡ ಹಿಗ್ಗಿಸಿ ಹೇಳ್ತಾರೆ, ಇನ್ನೊಬ್ರು ಉದ್ದಕ್ಕೆ, ಶ್ರುತಿ ಸರಿ ಇದ್ರೂ ಅಪಶ್ರುತಿ ಅನ್ಸುತ್ತೆ. ಮಿಸ್ ಕೈಗನ್ನಡಿ ತರೋಕೆ ಹೇಳಿದಾರೆ, ನಮ್ ಅತ್ತೆ ‘ಹಾಡೋಕೆ ಹೋಗ್ತೀಯೋ ಮೇಕಪ್ಪಿಗೋ’ ಅಂತಾರೆ.

ಸಂಗೀತ ಕಲ್ತೋರಿಗೇ ಇಲ್ಲಿ ಜಾಸ್ತಿ ಕಷ್ಟ, ಇದು ಗೊತ್ತಿರ್ಲಿ. ನಮಗೆ ಸ್ವರ ನೆಟ್ಟಗೆ ನಿಲ್ಲಿಸೋಕೆ ಬರಲ್ಲ, ತಾನೇ ತೂಗುತ್ತೆ. ಮೂರು ಪಾರ್ಟ್ ಒಟ್ಟಿಗೆ ಇರುವಾಗ ಮಧ್ಯದೋರು ಹಂಗೆ ತೂಗಿಸಿ ಗಮಕ ಹಾಕಿದ್ರೆ ಮೇಲಿನೋರಿಗೂ ಕೆಳಗಿನೋರಿಗೂ ನಿಲ್ಲೋಕೆ ಜಾಗ ಇರಲ್ಲ. ಅದಕ್ಕೆ ಮೊದಲ ಎರಡು ತಿಂಗಳು ಬರೀ ಮೋಹನ ರಾಗ. ಸ ರಿ ಗ ಪ ದ ಅಷ್ಟೇ, ಅದರಲ್ಲಿ ಅಕ್ಕಪಕ್ಕದ ಅರ್ಧ ಸ್ವರಗಳು ಇಲ್ಲ, ಯಾವುದರ ಮೇಲೆ ಯಾವುದು ಬಿದ್ರೂ ಕಿವಿಗೆ ಚುಚ್ಚಲ್ಲ. ಒಂದೇ ಸ್ವರಸಾಲನ್ನ ಒಂದು ಗುಂಪು ಶುರು ಮಾಡೋದು, ನಾಲ್ಕು ತಾಳ ಆದ್ಮೇಲೆ ಎರಡನೇ ಗುಂಪು, ಆಮೇಲೆ ಮೂರನೇದು. ಮೊದಲ ಸಲ ಅದು ಸರಿ ಬಂದಾಗ, ಆ ಹಳೇ ಬಿಲ್ಡಿಂಗ್‌ನ ಹಾಲಲ್ಲಿ, ಕಿಟಕಿ ಗಾಜೆಲ್ಲಾ ಸಣ್ಣಗೆ ನಡುಗಿದಂಗಾಯ್ತು. ಆಮೇಲೆ ಯಾರೋ ನಕ್ಬಿಟ್ರು, ಎಲ್ಲಾ ಬಿದ್ದೋಯ್ತು.

ಹಂಗಂತ ನಮಗೆ ಇದು ಪೂರ್ತಿ ಹೊಸದೂ ಅಲ್ಲ. ನಮ್ಮಜ್ಜಿ ಕೆ.ಆರ್.ನಗರದ ಕಡೆಯೋರು, ಮದುವೆ ಮನೇಲಿ ಸೋಬಾನೆ ಪದ ಹೇಳೋರು. ಒಬ್ರು ಎತ್ತಿಕೊಡೋರು, ಉಳಿದೋರೆಲ್ಲಾ ಹಿಂದೆ ಹೇಳೋರು, ಹಿಂದಿನೋರು ಸಾಲಿನ ಕೊನೆ ಎಳೆದು ಹಿಡ್ಕೊಂಡಿರೋವಾಗ್ಲೇ ಮುಂದಿನೋರು ಮುಂದಿನ ಸಾಲು ಶುರು ಮಾಡ್ಬಿಡೋರು. ಈಗ ಮಿಸ್ ಅದನ್ನೇ ಬೋರ್ಡ್ ಮೇಲೆ ಬಣ್ಣಬಣ್ಣದ ಮಾರ್ಕರಲ್ಲಿ ಬರೀತಾರೆ. ಒಬ್ರು ಕೇಳಿದ್ರು, ವೆಸ್ಟರ್ನ್ ಎಲ್ಲಾ ನಮಗ್ಯಾಕೆ ಮೇಡಂ ಅಂತ. ಮೈಸೂರಲ್ಲಿ ಕೂತ್ಕೊಂಡು ಕೇಳೋ ಪ್ರಶ್ನೇನಾ ಇದು ಅಂತ ಮಿಸ್ ಜೋರಾಗಿ ನಕ್ರು. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಗೆ ಮೊದಲ ಪ್ರೆಸಿಡೆಂಟ್ ಆಗಿದ್ದೋರು, ರಷ್ಯಾದ ಮೆಡ್ಟ್ನರ್ ಅನ್ನೋರ ಸಂಗೀತವನ್ನ ತಮ್ ದುಡ್ಡಲ್ಲೇ ರೆಕಾರ್ಡ್ ಮಾಡ್ಸಿದ್ರು, ಅವರೇ ಕರ್ನಾಟಕ ಸಂಗೀತದ ಕೃತಿಗಳನ್ನೂ ಬರ್ದಿದ್ದು. ಇನ್ನೊಂದು ಕಡೆ ಇಂಗ್ಲೆಂಡಲ್ಲಿ ಗುಸ್ಟಾವ್ ಹೋಲ್ಸ್ಟ್ ಅಂತ, ಹೆಣ್ಮಕ್ಕಳ ಸ್ಕೂಲಲ್ಲಿ ಮ್ಯೂಸಿಕ್ ಮೇಷ್ಟ್ರು, ಸಂಸ್ಕೃತ ಕಲ್ತು ಋಗ್ವೇದದ ಸೂಕ್ತಗಳನ್ನ ತಾನೇ ಇಂಗ್ಲಿಷಿಗೆ ಮಾಡ್ಕೊಂಡು ಕ್ವಾಯರಿಗೆ ಕೂರ್ಸಿದ, ಅದರಲ್ಲಿ ಒಂದು ಕಟ್ಟು ಬರೀ ಹೆಂಗಸರ ಧ್ವನಿ ಮತ್ತೆ ಹಾರ್ಪ್ ಅನ್ನೋ ತಂತಿವಾದ್ಯಕ್ಕೆ ಅಂತಾನೇ ಇದೆ. ಫೋನಲ್ಲಿ ಕೇಳ್ಸಿದ್ರು. ನಮ್ ವೇದ ಕ್ಲಾಸಿನ ಥರ ಒಂಚೂರೂ ಇಲ್ಲ, ಆದ್ರೆ ಚೆನ್ನಾಗಿದೆ.

ಈಗ ಹೆಣ್ಮಕ್ಕಳ ವಿಷ್ಯ. ತಾಯಂದಿರು ಇದನ್ನ ಓದಲೇಬೇಕು. ಹುಡುಗರ ಗಂಟಲು ಒಡೆಯೋದು ಎಲ್ರಿಗೂ ಗೊತ್ತು, ಒಂದು ಸ್ಥಾಯೀನೇ ಇಳಿಯುತ್ತೆ. ಹುಡುಗಿಯರದ್ದೂ ಬದಲಾಗುತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ, ಸುಮಾರು ಒಂದೂವರೆ ಮನೆಯಷ್ಟು ಇಳಿಯುತ್ತೆ, ಮತ್ತೆ ಹನ್ನೊಂದು ಹದಿನಾಲ್ಕರ ಮಧ್ಯೆ ಧ್ವನೀಲಿ ಗಾಳಿ ಜಾಸ್ತಿ ಬೆರೆತಿರುತ್ತೆ. ಗಂಟಲೊಳಗಿನ ತಂತುಗಳು ಹಿಂದುಗಡೆ ಪೂರ್ತಿ ಮುಚ್ಕೊಳ್ಳೋಕೆ ಇನ್ನೂ ಕಲ್ತಿರಲ್ಲ, ಅದಕ್ಕೆ. ನನ್ ಮಗಳಿಗೆ ಹಿಂದೆ ಸೇರ್ಸಿದ್ದ ಕ್ಲಾಸಲ್ಲಿ ಒಬ್ರು ‘ಗಾಳಿ ಗಾಳಿ ಬರ್ತಿದೆ, ಜೋರಾಗಿ ಹಾಡು, ಪ್ರಾಕ್ಟೀಸ್ ಮಾಡ್ತಿಲ್ಲ ನೀನು’ ಅಂತ ಬೈದು ಬೈದು, ಪಾಪ ಅದು ಕಿರುಚಿ ಕಿರುಚಿ ಸಂಜೆ ಹೊತ್ತಿಗೆ ಮಾತಾಡೋಕೂ ಆಗ್ತಿರ್ಲಿಲ್ಲ. ಇಲ್ಲಿ ಮಿಸ್ ಮೊದ್ಲು ಹೇಳಿದ್ದೇ ‘ಇದು ರೋಗ ಅಲ್ಲ, ತಪ್ಪೂ ಅಲ್ಲ, ಒಂದೆರಡು ವರ್ಷ ಹಿಂಗೇ ಇರುತ್ತೆ, ನೀನು ಕಷ್ಟ ಪಡ್ದೆ ಬರೋದನ್ನಷ್ಟೇ ಹಾಡು’. ಅದಕ್ಕೇ ಆ ವಯಸ್ಸಿನ ಮಕ್ಕಳನ್ನ ಒಂದೇ ಪಾರ್ಟಿಗೆ ಕಟ್ಟಿಹಾಕಲ್ಲ, ಒಂದು ಹಾಡಲ್ಲಿ ಎರಡನೇ ಸೊಪ್ರಾನೋ, ಇನ್ನೊಂದ್ರಲ್ಲಿ ಆಲ್ಟೋ, ಮೂರು ತಿಂಗಳಿಗೊಮ್ಮೆ ಮತ್ತೆ ಕೀಬೋರ್ಡ್ ಟೆಸ್ಟ್. ಮುಟ್ಟು ನಿಲ್ಲೋ ವಯಸ್ಸಲ್ಲಿ ಹೆಂಗಸರ ಧ್ವನಿ ಮತ್ತೆ ಇಳಿಯುತ್ತೆ ಅಂತಾನೂ ಯಾವ ಮುಚ್ಚುಮರೆ ಇಲ್ದೆ ಹೇಳ್ತಾರೆ. ಮಕ್ಕಳ ಮುಂದೆ ಇದೆಲ್ಲಾ ಮಾತಾಡ್ತಾರಾ ಅಂತ ಮೊದ್ಲು ಇರುಸುಮುರುಸಾಯ್ತು, ಈಗ ಅದೇ ಸರಿ ಅನ್ಸುತ್ತೆ.

ಸೇಫ್ಟಿ ಕೂಡ ಚೆನ್ನಾಗಿ ನೋಡ್ಕೋತಾರೆ. ಹದಿನೆಂಟರ ಒಳಗಿನ ಮಕ್ಕಳಿಗೆ ಒಂಟಿ ಕ್ಲಾಸ್ ಇಲ್ವೇ ಇಲ್ಲ, ಅಮ್ಮಂದಿರು ಯಾವಾಗ ಬೇಕಾದ್ರೂ ಒಳಗೆ ಬಂದು ಕೂರಬಹುದು, ವಾಟ್ಸಾಪ್ ಗ್ರೂಪಲ್ಲಿ ಮಕ್ಕಳ ನಂಬರ್ ಇಲ್ಲ, ತಾಯಿ ತಂದೇದು ಮಾತ್ರ. ವಿಡಿಯೋ ಹಾಕೋ ಮುಂಚೆ ಕೇಳ್ತಾರೆ. ಹಿಂದೆ ಸೇರ್ಸಿದ್ದ ಕಡೆ ನನ್ ಮಗಳ ಕ್ಲೋಸಪ್ ವಿಡಿಯೋನ ಅಡ್ವರ್ಟೈಸ್‌ಮೆಂಟಿಗೆ ಅಂತ ಹಾಕಿ, ತೆಗೀರಿ ಅಂದಿದ್ದಕ್ಕೆ ‘ಫ್ರೀ ಪಬ್ಲಿಸಿಟಿ ಅಲ್ವಾ ಮೇಡಂ’ ಅಂದಿದ್ರು.

ಮನೆ ಪ್ರಾಕ್ಟೀಸಿಗೆ ವಾಟ್ಸಾಪಲ್ಲಿ ಪಾರ್ಟ್ ಪಾರ್ಟೇ ಆಡಿಯೋ ಕಳಿಸ್ತಾರೆ, ಇಯರ್‌ಫೋನ್ ಹಾಕ್ಕೊಂಡ್ರೆ ಎಡಗಿವೀಲಿ ನಮ್ ಪಾರ್ಟ್, ಬಲಗಿವೀಲಿ ಉಳಿದವರದ್ದು. ಕಲೀವಾಗ ಎಡಗಡೆ ಮಾತ್ರ, ಬಂದ್ಮೇಲೆ ಎಡಗಡೆ ತೆಗ್ದು ಬಲಗಡೆ ಮಾತ್ರ ಹಾಕ್ಕೊಂಡು ನಮ್ಮದನ್ನ ನಾವೇ ಹಾಡ್ಬೇಕು. ಇದು ಸೂಪರ್. ಪಾತ್ರೆ ತೊಳೀವಾಗ ನಾನು ಇದನ್ನೇ ಮಾಡೋದು. ಆದ್ರೆ ಒಂದು ಮಾತು, ಆಲ್ಟೋ ಪಾರ್ಟನ್ನ ಒಂಟಿಯಾಗಿ ಕೇಳಿದ್ರೆ ಹಾಡೇ ಅನ್ಸಲ್ಲ. ಒಂದೇ ಸ್ವರದಲ್ಲಿ ಎಂಟು ತಾಳ, ಆಮೇಲೆ ಒಂದು ಮೆಟ್ಟಿಲು ಕೆಳಗೆ, ಮತ್ತೆ ಎಂಟು ತಾಳ. ನಮ್ಮನೆಯೋರು ‘ಏನದು, ಮಿಕ್ಸಿ ಕೆಟ್ಟೋಗಿದ್ಯಾ’ ಅಂತ ಕೇಳಿದ್ರು. ರಾಗ ಎಲ್ಲಾ ಸೊಪ್ರಾನೋದವರಿಗೇ. ಸ್ಟೇಜಲ್ಲಿ ಒಂಟಿ ಮಿಂಚಬೇಕು ಅನ್ನೋರು ಬರಲೇಬೇಡಿ, ಸುಗಮ ಸಂಗೀತ ಕ್ಲಾಸಿಗೆ ಹೋಗಿ, ಮೈಸೂರಲ್ಲಿ ಗಲ್ಲಿಗೊಂದಿದೆ. ಇಲ್ಲಿಗೆ ಬರೋದಾದ್ರೆ ನಿಮ್ ಸ್ವರ ಇನ್ನೆರಡು ಸ್ವರದ ಕೆಳಗೆ ಹೋಗಿ ಕೂತಾಗ ಆಗೋ ಆ ಒಂದು ಝುಂ ಅನ್ನೋದಕ್ಕೆ ಬರ್ಬೇಕು. ನಾನಂತೂ ಅದಕ್ಕೇ ಹೋಗೋದು.

ಇನ್ನು ಕಂಪ್ಲೇಂಟ್. ಫೀಸ್ ತಿಂಗಳಿಗೆ 1,500, ತಾಯಿ ಮಗಳು ಇಬ್ರೂ ಅಂದ್ರೆ 2,500. ಪರವಾಗಿಲ್ಲ ಅನ್ನೋಣ. ಆದ್ರೆ ಅಕ್ಟೋಬರಲ್ಲಿ ದಸರಾ, ಮನೆ ತುಂಬಾ ನೆಂಟರು, ಅರ್ಧ ಜನ ಬರಲ್ಲ, ಎರಡು ಕ್ಲಾಸ್ ಕ್ಯಾನ್ಸಲ್, ಫೀಸ್ ಮಾತ್ರ ಫುಲ್. ಫೆಬ್ರವರಿ ಮಾರ್ಚಲ್ಲಿ ಪರೀಕ್ಷೆ ಅಂತ ಮಕ್ಕಳೆಲ್ಲಾ ಮಾಯ, ಸೊಪ್ರಾನೋ ಸಾಲು ಖಾಲಿ, ಮೇಲಿನ ಪಾರ್ಟ್ ಇಲ್ದೆ ನಾವು ಎಂಟು ಜನ ಬುನಾದಿ ಹಾಕ್ಕೊಂಡು ಕೂತಿರೋದು, ಮನೆ ಕಟ್ಟೋರು ಯಾರೂ ಇಲ್ಲ. ಇದನ್ನ ಮೊದ್ಲೇ ಯೋಚ್ನೆ ಮಾಡಿ ಆ ತಿಂಗಳಿಗೆ ಸಣ್ಣ ಹಾಡು ಇಟ್ಕೋಬಹುದಲ್ವಾ.

ಹಾಲ್ ಎರಡನೇ ಮಹಡೀಲಿ, ಲಿಫ್ಟ್ ಇಲ್ಲ, ವಯಸ್ಸಾದೋರು ಏದುಸಿರು ಬಿಡ್ತಾ ಬಂದು ಹತ್ತು ನಿಮಿಷ ಕೂತೇ ಹಾಡ್ಬೇಕು. ಬೇಸಿಗೇಲಿ ಬೇಯುತ್ತೆ. ಸೆಖೆಗೂ ಶ್ರುತಿಗೂ ಸಂಬಂಧ ಇದೆ ಅಂತ ಇಲ್ಲೇ ನೋಡಿದ್ದು, ಸುಸ್ತಾದ್ರೆ ಎಲ್ರೂ ಸೇರಿ ನಿಧಾನಕ್ಕೆ ಕೆಳಗಿಳಿತೀವಿ, ಒಬ್ರಿಗೂ ಗೊತ್ತಾಗಲ್ಲ. ಹಾಡು ಮುಗಿದ್ಮೇಲೆ ಮಿಸ್ ತಂಬೂರಿ ಆಪ್ ಆನ್ ಮಾಡ್ತಾರೆ, ನಾವು ಅರ್ಧ ಮನೆ ಕೆಳಗಿರ್ತೀವಿ, ಎಲ್ರೂ ಪಕ್ಕದ ಸಾಲಿನ ಕಡೆ ಕೈ ತೋರ್ಸ್ತಾರೆ. ಶ್ರುತಿ ಹಾಕ್ಕೊಂಡೇ ಹಾಡ್ಬಾರ್ದಾ ಅಂದ್ರೆ, ಆಗ ನೀವು ಅದನ್ನ ಕೇಳ್ತೀರಿ, ಒಬ್ರನ್ನೊಬ್ರು ಕೇಳಲ್ಲ ಅಂತಾರೆ. ಮಾತು ಸರೀನೇ, ಆದ್ರೂ ಒಂದು ಕೂಲರ್ ಹಾಕ್ಸಿ ಮೇಡಂ.

ದೊಡ್ಡ ಬೇಜಾರು ಪ್ರೋಗ್ರಾಮಿನ ದಿನದ್ದು. ನವೆಂಬರಲ್ಲಿ ಒಂದು ರಾಜ್ಯೋತ್ಸವ ಸಮಾರಂಭಕ್ಕೆ ಕರೆದಿದ್ರು, ಯಾರು ಎಲ್ಲಿ ಅಂತ ಬೇಡ. ಸೀರೆಗೆ ತಲಾ 1,900 ಕಟ್ಟಿಸ್ಕೊಂಡ್ರು, ಮಾವಿನಹಣ್ಣಿನ ಬಣ್ಣ, ಬ್ಲೌಸ್ ಹೊಲಿಗೆ ಬೇರೆ. ಒಂದೇ ಸಲ ಉಡೋಕೆ ಅಷ್ಟು ಯಾಕೆ, ಇರೋ ಸೀರೇಲೇ ಒಂದು ಬಣ್ಣ ಹೇಳಿದ್ರೆ ಆಗ್ತಿತ್ತು. ನಾಡಗೀತೆ ಮೊದ್ಲು, ಅದಕ್ಕೆ ಮೂರು ಪಾರ್ಟ್ ಇಲ್ಲ, ಮೈಸೂರು ಅನಂತಸ್ವಾಮಿಯವರ ಧಾಟೀಲಿ ಎರಡೂವರೆ ನಿಮಿಷದಲ್ಲಿ ಮುಗಿಸ್ಬೇಕು ಅಂತ 2022ರಲ್ಲೇ ಸರ್ಕಾರ ಹೇಳಿದೆ, ಎಲ್ರೂ ಒಂದೇ ಸ್ವರ, ಚೆನ್ನಾಗಾಯ್ತು. ಆಮೇಲೆ ನಮ್ ಮೂರು ಪಾರ್ಟಿನ ಹಾಡು. ಸೌಂಡಿನ ಹುಡುಗ ಬಂದು ಭಾಷಣದ ಮೈಕನ್ನೇ ತಂದು ಸೊಪ್ರಾನೋ ಮಧ್ಯದಲ್ಲಿ ನಿಂತಿದ್ದ ಹುಡುಗಿ ಬಾಯಿಗೆ ಇಟ್ಟ. ಕ್ವಾಯರಿಗೆ ಸ್ವಲ್ಪ ದೂರದಲ್ಲಿ, ಎತ್ತರದಲ್ಲಿ ಎರಡು ಕಂಡೆನ್ಸರ್ ಮೈಕ್ ಇಟ್ಟು ಇಡೀ ಗುಂಪಿನ ಸದ್ದು ಹಿಡೀಬೇಕು, ಮಿಸ್ ಮೂರು ದಿನ ಮುಂಚೇನೇ ಹೇಳಿದ್ರಂತೆ, ಅವನು ‘ಅದೆಲ್ಲಾ ಇದ್ರಲ್ಲೇ ಬರುತ್ತೆ ಮೇಡಂ’ ಅಂದ. ಏನು ಬಂತು? ಒಂದು ಹುಡುಗಿ ಧ್ವನಿ ಬಂತು. ವಿಡಿಯೋ ನೋಡಿದ್ರೆ ಮೂವತ್ತು ಹೆಂಗಸರು ಆ ಹುಡುಗಿ ಹಿಂದೆ ಬಾಯಿ ಆಡಿಸ್ತಾ ನಿಂತಿದೀವಿ. ಹನ್ನೆರಡು ವರ್ಷ ಭಜನೇಲಿ ಮಾಡಿದ್ದನ್ನೇ ಮಾವಿನಹಣ್ಣಿನ ಸೀರೆ ಉಟ್ಕೊಂಡು ಮಾಡಿದಂಗಾಯ್ತು. ಮನೇಗೆ ಬಂದು ಸೀರೆ ಮಡಚಿ ಬೀರು ಒಳಗಡೆ ಹಾಕಿದೆ, ಕ್ಲಾಸ್ ಬಿಟ್ಬಿಡೋಣ ಅಂತಾನೂ ಅನ್ಸಿತ್ತು.

ಬಿಡ್ಲಿಲ್ಲ. ಜನವರೀಲಿ ಮಿಸ್ ಒಂದು ಹಳೇ ಮನೆಯ ತೊಟ್ಟೀಲಿ ಮೈಕೇ ಇಲ್ದೆ ಹಾಡ್ಸಿದ್ರು, ಐವತ್ತು ಜನ ಕೇಳೋರು ಸುತ್ತ ಜಗುಲಿ ಮೇಲೆ. ನಮ್ಮ ಸಾಲನ್ನ ಕಂಬದ ಪಕ್ಕ ನಿಲ್ಸಿದ್ರು. ಎಂಟು ತಾಳದ ಆ ಒಂದೇ ಸ್ವರ ಶುರುವಾದಾಗ ಮುಂದೆ ಕೂತಿದ್ದ ಅಜ್ಜಿ ಒಬ್ರು ಕತ್ತು ತಿರುಗ್ಸಿ ನಮ್ ಕಡೆನೇ ನೋಡಿದ್ರು, ಸೊಪ್ರಾನೋ ಕಡೆ ಅಲ್ಲ. ಮುಗಿದ್ಮೇಲೆ ಬಂದು ಕೇಳಿದ್ರು, ‘ತಂಬೂರಿ ಎಲ್ಲಿ ಇಟ್ಟಿದೀರವ್ವ?’

ಮಗಳಿಗೆ ಏಪ್ರಿಲ್‌ನಲ್ಲಿ ಮತ್ತೆ ಟೆಸ್ಟ್ ಆಯ್ತು, ಅವಳಿಗೂ ಕೆಳಗಡೆ ತೆರ್ಕೋತಿದೆಯಂತೆ, ಈಗ ಎರಡು ಹಾಡಲ್ಲಿ ನಮ್ ಸಾಲಲ್ಲೇ ನಿಲ್ತಾಳೆ. ಅಮ್ಮನ ಪಕ್ಕ ನಿಲ್ಲೋದು ಮರ್ಯಾದೆ ಪ್ರಶ್ನೆ ಅಂತ ಮಧ್ಯೆ ಆ ರಿಟೈರ್ಡ್ ಟೀಚರ್ ಅವ್ರನ್ನ ನಿಲ್ಲಿಸ್ಕೊಂಡಿದಾಳೆ, ಈಗ ಮೊಣಕೈ ತಿವಿತ ಇಬ್ರಿಗೂ.

ನನ್ ಕಡೆಯಿಂದ ಐದಕ್ಕೆ ನಾಲ್ಕು. ಸೀರೆಗೆ ಅರ್ಧ, ಮೆಟ್ಟಿಲಿಗೆ ಅರ್ಧ ಕಟ್. ಹೊಸ ಬ್ಯಾಚ್ ಜೂನಲ್ಲಿ ಶುರು, ಶಾಲೆ ಶುರುವಾದ್ಮೇಲೆ. ಒಂದು ಕ್ಲಾಸ್ ಸುಮ್ನೆ ಕೂತು ನೋಡೋಕೆ ಬಿಡ್ತಾರೆ, ಫೀಸ್ ಕೇಳಲ್ಲ. ನೀರಿನ ಬಾಟ್ಲಿ, ಪೆನ್ಸಿಲ್ ತಗೊಂಡ್ಹೋಗಿ, ಪೆನ್ನಲ್ಲಿ ಬರೆದ್ರೆ ಮಿಸ್ ಬೈತಾರೆ. ಸ್ಕೂಟರ್ ಎದುರುಗಡೆ ಔಷಧಿ ಅಂಗಡಿ ಮುಂದೆ ನಿಲ್ಲಿಸ್ಬೇಡಿ, ಅವರು ಗಾಳಿ ಬಿಡ್ತಾರೆ. ಮತ್ತೆ ಧ್ವನಿ ಸ್ವಲ್ಪ ದಪ್ಪ ಇದೆ ಅಂತ ಅನುಮಾನ ಇದ್ರೂ ಸಾಕು, ಆಲ್ಟೋ ಅಂತ ಹೇಳ್ಕೊಂಡು ಎಡಗಡೆ ಸಾಲಲ್ಲಿ ಕೂತ್ಕೊಳಿ, ಆ ಹಾಲಲ್ಲಿ ಸರಿಯಾಗಿ ತಿರುಗೋ ಫ್ಯಾನ್ ಇರೋದು ಅಲ್ಲಿ ಮಾತ್ರ.